ಹದಿನಾಲ್ಕು ಹರಳಿನ ಲೆಕ್ಕ

ಬರೆದಿಡುವವರನ್ನು ಕಂಡರೆ ಬರೆದಿಡದವರಿಗೆ ನಗು ಬರುತ್ತದೆ. ಇದನ್ನು ನಾನು ಒಂಬತ್ತನೆಯ ತರಗತಿಯಿಂದಲೂ ನೋಡುತ್ತ ಬಂದಿದ್ದೇನೆ, ಒಂದು ದಿನವೂ ತಲೆ ಕೆಡಿಸಿಕೊಂಡಿಲ್ಲ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಬನಹಟ್ಟಿಯಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ನಮ್ಮ ಬೆಕ್ಕು ಹಾಲು ಕುಡಿಯುವಾಗ ಸಿಕ್ಕಿಬಿದ್ದ ಸಲ (ಹನ್ನೊಂದು), ಸಿಕ್ಕಿಬೀಳದ ಸಲ (ಅಂದಾಜು) ಎಲ್ಲವೂ ನನ್ನ ಡೈರಿಯಲ್ಲಿವೆ. ನಾಲ್ಕು ಪವರ್‌ಲೂಮ್ ನಡೆಸುವ ನಮ್ಮಪ್ಪ ಬಂದವರ ಮುಂದೆಲ್ಲ, "ನಮ್ಮ ಸುಧಾ ಉಸರಾಡಿದ್ದೂ ಬರದಿಡತಾಳ್ರಿ" ಎನ್ನುತ್ತಾರೆ. ಎನ್ನಲಿ. ಮಗ್ಗಕ್ಕೆ ಎಣ್ಣೆ ಬಿಟ್ಟದ್ದು ಯಾವಾಗ ಎಂದು ಇದೇ ಅಪ್ಪ ಕೊನೆಗೆ ಬಂದು ಕೇಳುವುದು ನನ್ನನ್ನೇ.

ಇಂಥ ಮನೆಯಲ್ಲಿ ಬರೆದಿಡದೆ ಆದ ಅನಾಹುತ ಒಂದಿದೆ. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಮುಧೋಳದಲ್ಲಿ ಒಬ್ಬ ತಂಗಿ. ಮುಧೋಳದ ಆಯಿ ಎಂದೇ ನಾವೆಲ್ಲ ಕರೆಯುವುದು. ಇಬ್ಬರಿಗೂ ಅವರ ತಾಯಿ ಒಬ್ಬನೇ ಪತ್ತಾರನ ಕೈಯಲ್ಲಿ ಒಂದೇ ನಮೂನೆಯ ವಜ್ರದ ಮೂಗುಬಟ್ಟು ಮಾಡಿಸಿಕೊಟ್ಟಿದ್ದಳು, ತಲಾ ಏಳು ಹರಳು. ನಮ್ಮಕ್ಕನ ಮದುವೆಯ ಹಿಂದಿನ ದಿನ ಇಬ್ಬರೂ ಅವನ್ನು ಬಿಚ್ಚಿ ತೊಳೆಯಲು ಕೊಟ್ಟರು. ಯಾರೋ ಪುಣ್ಯಾತ್ಮರು ಎರಡನ್ನೂ ಒಂದೇ ಬಟ್ಟಲಿನ ಅಂಟವಾಳದ ನೀರಿಗೆ ಹಾಕಿ ತಿಕ್ಕಿದರು. ಎರಡೂ ಫಳಫಳ ಹೊಳೆದವು. ಯಾವುದು ಯಾರದ್ದೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಆ ಹೊತ್ತಿಗೆ ನಾನು ಹಿತ್ತಲಲ್ಲಿ ಬಾಳೆಎಲೆ ಎಣಿಸುತ್ತಿದ್ದೆ. ಇಲ್ಲವಾದರೆ ಹೀಗಾಗಲು ಬಿಡುತ್ತಿರಲಿಲ್ಲ.

ಮದುವೆ ಮುಗಿದ ಮೂರನೆಯ ದಿನವೇ ಆಯಿ ಶುರು ಮಾಡಿದಳು. "ಇದು ನಂದಲ್ಲ ಬಿಡ. ನನ್ನ ಮೂಗಿಗೆ ಕೂಡವಲ್ದು." ಮುಧೋಳದಿಂದಲೂ ಅದೇ ವರದಿ ಬಂತು. ಅದಲುಬದಲು ಮಾಡಿಕೊಂಡರು. ವಾರ ಕಳೆಯಿತು, ಈಗ ಬದಲಾಗಿ ಬಂದದ್ದೂ ಕೂಡದಾಯಿತು. ನನ್ನ ಡೈರಿಯ ಪ್ರಕಾರ ಹೀಗೆ ಐದು ಸಲ ಬದಲಾಯಿಸಿಕೊಂಡರು, ಐದು ಸಲವೂ ಇಬ್ಬರ ಮೂಗೂ ಒಪ್ಪಲಿಲ್ಲ. ಐದನೆಯ ಸಲ ಮುಧೋಳದ ಆಯಿಯ ಬಾಯಿಂದ ಕಳವು ಎನ್ನುವ ಮಾತು ಬಂತು: "ಅಕ್ಕ ನನ್ನ ಹರಳು ತಗಸಿ ಬ್ಯಾರೆ ಕೂಡಿಸ್ಯಾಳ." ಅಂದಿನಿಂದ ಅಕ್ಕತಂಗಿಯರ ಮಾತು ನಿಂತುಹೋಯಿತು. ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ ಆಯಿ, ಫೋನನ್ನು ಕಪಾಟಿನ ಮೇಲೆ ಬೋರಲು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂಡತೊಡಗಿದಳು. ಊಟ ಎರಡು ರೊಟ್ಟಿಯಿಂದ ಒಂದಕ್ಕೆ ಇಳಿಯಿತು. ಇದನ್ನೂ ಬರೆದಿದ್ದೇನೆ.

ಜಮಖಂಡಿಯ ಬಂಗಾರದ ಅಂಗಡಿಯೊಂದರಲ್ಲಿ ವಜ್ರವನ್ನು ಮಾಲೀಕರ ಹೆಸರಿಗೆ ನೋಂದಾಯಿಸುತ್ತಾರೆ ಎಂದು ಗೊತ್ತಾದಾಗ, ಇದು ನನಗೆಂದೇ ಮಾಡಿದ ವ್ಯವಸ್ಥೆ ಅನಿಸಿತು. ತೂಕ, ಫೋಟೊ, ಹರಳಿನ ಒಳಗಿನ ಗುರುತು ಎಲ್ಲ ಬರೆದು, ನಂಬರು ಹಾಕಿ ಕಾಗದ ಕೊಡುತ್ತಾರೆ. ಕಳೆದರೂ ಕಳುವಾದರೂ ಗುರುತು ಹಿಡಿಯಬಹುದು. ಇವತ್ತು ಯಾರ ಹತ್ತಿರ ಯಾವುದಿದೆಯೋ ಅದು ಅವರದ್ದು ಎಂದು ಬರೆಸೋಣ, ಅಲ್ಲಿಗೆ ಮುಗಿಯಿತು ಎಂದೆ.

"ಮೂಗುಬಟ್ಟಿಗೆ ಯಾರರ ಜಾತಕ ಬರಸ್ತಾರೇನ ಬೇ?" ಎಂದಳು ಆಯಿ.

ಮುಧೋಳದ ಆಯಿ ಫೋನಿನಲ್ಲಿ, "ಊರ ಮಂದಿ ನಗತಾರ, ಸುಮ್ನಿರು" ಎಂದಳು.

"ನಿಮ್ಮ ಮನಿ ಬ್ಯಾಟಿ ನಾಯಿಗೆ ಕಾಗದ ಐತಿ ಹೌದಿಲ್ಲೋ? ಅದರ ಅಪ್ಪನ ಹೆಸರು, ಅವ್ವನ ಹೆಸರು ಎಲ್ಲಾ ಐತಿ. ನಾಯಿಗೆ ಇದ್ದದ್ದು ನಿಮ್ಮವ್ವ ಕೊಟ್ಟ ವಜ್ರಕ್ಕ ಬ್ಯಾಡೇನು?" ಎಂದೆ. ಸೋಮವಾರ ಮುಧೋಳದ ಆಯಿ ಬನಹಟ್ಟಿಗೆ ಬಂದು, ಅಕ್ಕನ ಮುಖ ನೋಡದೆ, ಮೂಗುಬಟ್ಟು ಬಿಚ್ಚಿ ನನ್ನ ಕೈಗಿಟ್ಟಳು.

ಎರಡು ಪೊಟ್ಟಣ ಮಾಡಿ, ಒಂದರ ಮೇಲೆ ಬನಹಟ್ಟಿ, ಇನ್ನೊಂದರ ಮೇಲೆ ಮುಧೋಳ ಎಂದು ಬರೆದುಕೊಂಡು ಜಮಖಂಡಿಗೆ ಹೋದೆ. ಅಂಗಡಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪರೀಕ್ಷಿಸಿದರು. ಬನಹಟ್ಟಿಯದರ ಮೂರನೆಯ ಹರಳಿನೊಳಗೆ ಕೂದಲೆಳೆಯಂಥ ಗೆರೆ, ಮುಧೋಳದ್ದರ ಐದನೆಯದರಲ್ಲಿ ಒಂದು ಚುಕ್ಕೆ. "ಬರೇ ಕಣ್ಣಿಗೆ ಕಾಣೂದಿಲ್ರಿ ಮತ್ತ" ಎಂದರು. ಅದನ್ನೂ ಬರೆದುಕೊಂಡೆ. ಬರೆದುಕೊಳ್ಳುವ ಭರದಲ್ಲಿ ಕೇಳಿಸಿಕೊಳ್ಳಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಯಾವುದೇ ವಸ್ತುವನ್ನು ಕೊಟ್ಟಾಗ ಎಣಿಸಬೇಕು, ಪಡೆದಾಗಲೂ ಎಣಿಸಬೇಕು, ಇದು ನನ್ನ ನಿಯಮ. ಅಂಗಡಿಯಲ್ಲಿ ಎಣಿಸುವುದು ಮರೆತಿದ್ದೆ. ತೊಡೆಯ ಮೇಲೆ ಕರವಸ್ತ್ರ ಹಾಸಿ, ಎರಡೂ ಪೊಟ್ಟಣ ಬಿಚ್ಚಿ ಸುರಿದುಕೊಂಡು ಎಣಿಸಿದೆ. ಹದಿನಾಲ್ಕು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಸಮಾಧಾನದಿಂದ ಡೈರಿ ತೆಗೆದು ಹದಿನಾಲ್ಕು ಎಂದು ಬರೆದು, ತಿರುಗಿ ಪೊಟ್ಟಣ ಕಟ್ಟಲು ಹೋದಾಗ ಕೈ ನಿಂತಿತು. ಮೂರನೆಯ ಹರಳನ್ನು ಬಿಸಿಲಿಗೆ ಹಿಡಿದೆ. ಐದನೆಯದನ್ನು ಹಿಡಿದೆ. ಗೆರೆಯೂ ಕಾಣಲಿಲ್ಲ, ಚುಕ್ಕೆಯೂ ಕಾಣಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, "ಏನ್ ಹುಡಕಾಕತ್ತೀಯವ್ವಾ?" ಎಂದಳು. "ಏನಿಲ್ರಿ" ಎಂದೆ.

ಅಂಗಡಿಗೆ ಮರಳಿ ಹೋಗಬಹುದಿತ್ತು. ಹೋಗಲಿಲ್ಲ. ಬಟ್ಟಲಿನ ನೀರಿಗೆ ಹಾಕಿದವರು ಯಾರು ಎಂದು ಇಡೀ ಮನೆಯನ್ನು ವಿಚಾರಣೆ ಮಾಡಿದವಳು ನಾನು.

ಮನೆಯಲ್ಲಿ ಇಬ್ಬರನ್ನೂ ಎದುರುಬದುರು ಕೂಡಿಸಿ, ಕಾಗದವನ್ನು ಗಟ್ಟಿಯಾಗಿ ಓದಿ, ಕೈಗೆ ಬಂದದ್ದನ್ನು ಒಬ್ಬೊಬ್ಬರ ಕೈಗಿಟ್ಟೆ. ಆಯಿ ಏರಿಸಿಕೊಂಡು ಕನ್ನಡಿ ನೋಡಿದಳು. "ಹಾಂ. ಇದು ನಂದು. ಹೆಂಗ ಕುಂತೈತಿ ನೋಡು."

ಮುಧೋಳದ ಆಯಿ ತನ್ನದನ್ನು ಒತ್ತಿ ನೋಡಿಕೊಂಡು ಕಣ್ಣೊರೆಸಿಕೊಂಡಳು. "ಖರೇನ ಅಕ್ಕಾ, ಇಷ್ಟ ದಿನ ನಿಂದು ನನ್ನ ಕಡೆ ಇತ್ತು. ನಾ ಏನೇನೋ ಅಂದ್ನಿ."

"ಹೋಗ್ಲಿ ಬಿಡು. ಮೊದಲ ರೊಟ್ಟಿ ತಿನ್ನು."

ಆಯಿ ಅಂದು ಮೂರು ರೊಟ್ಟಿ ತಿಂದಳು. ಅಪ್ಪ, "ಬರದಿಡೂ ಚಟ ಛಲೋನ ಐತಿ ಬಿಡು" ಎಂದರು. ಇಷ್ಟು ವರ್ಷ ಕಾದ ಮಾತು ಅದು. ಈಗಲೂ ಹೇಳುತ್ತೇನೆ, ಬರೆದಿಡಬೇಕು, ಎಲ್ಲವನ್ನೂ ಬರೆದಿಡಬೇಕು, ನಗುವವರು ನಗಲಿ. ಆ ದಿನದ ಪುಟವನ್ನು ಬೇಕಾದವರು ತೆಗೆದು ನೋಡಬಹುದು, ಒಂದು ಅಕ್ಷರವೂ ಸುಳ್ಳಿಲ್ಲ: "ಜಮಖಂಡಿಗೆ ಹೋಗಿ ಬಂದೆ. ಹರಳು ಹದಿನಾಲ್ಕು. ಕಿಟಕಿಯ ಸೀಟು."