ನಮ್ಮ ಮಾವನೂ ನೀಲಿ ಕೂದಲ ಜಪಾನ್ ಹುಡುಗನೂ

ನಮ್ಮ ಸೋದರಮಾವ ಈ ಭೂಮಿಯ ಮೇಲೆ ನಂಬಿದ ಗಂಡಸು ಒಬ್ಬನೇ. ಅವನು ಜಪಾನಿನವನು, ನೀಲಿ ಕೂದಲಿನವನು, ಕಬ್ಬಿಣದ ಆನೆಯ ಮೇಲೆ ಕೂತು ಆಕಾಶದಲ್ಲಿ ಹಾರುವವನು. ಟಿವಿ ಕಾರ್ಟೂನಿನ ಬೊಂಬೆ! ಮಿಕ್ಕ ನಾವು, ಅಂದರೆ ಉಸಿರಾಡುವವರೆಲ್ಲ, ಮಾವನ ಕಣ್ಣಿಗೆ ಕಳ್ಳರು.

ಸುಮ್ಮನೆ ಹೇಳುತ್ತಿಲ್ಲ. ಕ್ಷೌರದ ಅಂಗಡಿಗೆ ಮನೆಯಿಂದ ಕನ್ನಡಿ ತಗೊಂಡು ಹೋಗುವ ಇನ್ನೊಬ್ಬ ಮನುಷ್ಯನನ್ನು ಇಡೀ ಸೇಲಂನಲ್ಲಿ ತೋರಿಸಿ ನೋಡೋಣ! "ಅವನ ಕನ್ನಡಿ ಅವನ ಕಡೇನೇ ಮಾತಾಡ್ತೈತೆ ಕಣ್ಲಾ," ಎನ್ನುತ್ತಿದ್ದ.

ನಾವು ತಮಿಳುನಾಡಿನಲ್ಲೇ ಬೇರುಬಿಟ್ಟ ಕನ್ನಡದವರು, ಪವರ್‌ಲೂಮಿನವರು, ಅಂದರೆ ಕರೆಂಟು ಮಗ್ಗದವರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಾವನ ಹಿಂದೆ ಶೆಡ್ಡಿಗೆ ಹೋದವನು. ದುಡಿದು ಸ್ವಂತ ಮಗ್ಗ ಹಾಕಿದವನು, ಅದನ್ನು ಯಾರ ಮುಂದೆ ಬೇಕಾದರೂ ಎದೆ ಎತ್ತಿ ಹೇಳುತ್ತೇನೆ. ಶೆಡ್ಡಿನ ಗದ್ದಲದಲ್ಲಿ ಬಾಯಿಮಾತು ಯಾರಿಗೆ ಕೇಳಿಸುತ್ತೆ? ಅಲ್ಲಿ ಎಲ್ಲಾ ಕೈಮಾತೇ. ಎರಡು ಬೆರಳು ಜೋಡಿಸಿ ಬಿಡಿಸಿದರೆ, ನೂಲು ಹರಿಯಿತು. ಮೀಸೆ ತಿರುವಿದರೆ, ಮೊದಲಾಳಿ, ಅಂದರೆ ಶೆಡ್ಡಿನ ಧಣಿ, ಬರುತ್ತಿದ್ದಾನೆ. ಒಮ್ಮೆ ನಲ್ಲಂಪಳ್ಳಿಯ ಮದುವೆಯೂಟದಲ್ಲಿ ಬೀಗರೊಬ್ಬರು ಪಾಪ ಸುಮ್ಮನೆ ಮೀಸೆ ತಿರುವಿದರು. ಮಾವ ಪಾಯಸ ಬಿಟ್ಟು ಎಲೆಯಿಂದ ಎದ್ದೇಬಿಟ್ಟ!

ಅತ್ತೆಯೂ ಅದೇ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದವಳು. ಆ ಗದ್ದಲ ಅವಳ ಕಿವಿಯನ್ನು ತಿಂದುಬಿಟ್ಟಿತ್ತು. ಮನೆಯಲ್ಲಿ ತಮಿಳು ಸೀರಿಯಲ್ ನೋಡುತ್ತಾ ಎಲ್ಲರೂ ನಕ್ಕರೆ "ಏನಂತೆ?" ಎಂದು ಕೇಳುವಳು. "ಅಪ್ಪುರಂ ಸೊಲ್ರೇನ್ ಅತ್ತೆ," ಆಮೇಲೆ ಹೇಳ್ತೀನಿ, ಎನ್ನುವಳು ಸೊಸೆ. ಆ ಆಮೇಲೆ ಅನ್ನೋದು ಬರುತ್ತಲೇ ಇರಲಿಲ್ಲ. ಅತ್ತೆ ಮೆಲ್ಲಗೆ ಎದ್ದು ಅಡುಗೆಮನೆ ಸೇರುವಳು.

ಇನ್ನು ಮಾವನ ರಾಜಕೀಯ! ತೊಂಬತ್ತರ ಆ ವರ್ಷಗಳಲ್ಲಿ ದಿಲ್ಲಿ ಸರ್ಕಾರಗಳು ಮುಗ್ಗಿದ ನೂಲಿನ ಹಾಗೆ ಪಟಪಟ ಹರಿಯುತ್ತಿದ್ದವು. ಎಲೆಕ್ಷನ್ ಮೇಲೆ ಎಲೆಕ್ಷನ್. ಪೆನ್ನಾಗರಂ ಕಡೆಯವನೊಬ್ಬ ನಮ್ಮ ಬೀದಿಗೆ ಬಂದು ಕನ್ನಡದಲ್ಲೇ ಓಟು ಕೇಳಿದ. ನಮಗೆಲ್ಲ ಎದೆ ತುಂಬಿ ಬಂತು. ಮಾವ ಮಾತ್ರ, "ತಮಿಳಲ್ಲಿ ಸುಳ್ಳು ಹೇಳಿದ್ರೆ ಅರ್ಧ ನಂಬ್ತೀವಿ, ನಮ್ ಮಾತಲ್ಲಿ ಹೇಳಿದ್ರೆ ಪೂರಾ ನಂಬ್ತೀವಿ ಅಂತ ಗೊತ್ತೈತೆ ಕಳ್ಳನಿಗೆ," ಎಂದ. ತನ್ನ ಓಟು ಯಾರಿಗೆಂದು ಅತ್ತೆಗೂ ಬಾಯಿ ಬಿಟ್ಟವನಲ್ಲ.

ಇಂಥವನು, ಕೇಬಲ್ ಬಂದದ್ದೇ ತಡ, ದಿನಾ ಸಾಯಂಕಾಲ ಮಗ್ಗ ನಿಲ್ಲಿಸಿ ಆ ಜಪಾನ್ ಬೊಂಬೆಯಾಟ ನೋಡಲು ಮನೆಗೆ ಓಡತೊಡಗಿದ. ಅದು ಮಾತಾಡುವುದು ಹಿಂದಿಯಲ್ಲಿ. ಮಾವನಿಗೆ ಹಿಂದಿಯ ಬಗ್ಗೆ ಗೊತ್ತಿದ್ದದ್ದು ಅದನ್ನು ಬೈಯುವುದೊಂದೇ, ಅದೂ ತಮಿಳಿನಲ್ಲಿ!

"ಏನ್ ಮಾವ, ಚಿಕ್ಕ ಮಕ್ಕಳಾಟ ನೋಡ್ತೀಯ?" ಎಂದೆ.

"ಕಣ್ಣು ನೋಡ್ಲಾ ಆ ಹುಡುಗನದು, ದೋಸೆಕಲ್ಲಿನಷ್ಟು! ಅಷ್ಟು ದೊಡ್ಡ ಕಣ್ಣಿಟ್ಕೊಂಡು ಕದ್ದು ನೋಡಾಕಾಯ್ತದಾ? ಅಂಥವನ್ನ ನಂಬಬೋದು."

"ಒಂದು ಏಟು ಹೊಡೆಯಾಕೆ ಮೂರು ದಿನ ತಗೋತಾನಲ್ಲ ನಿನ್ ಈರೋ?"

"ಕೈ ಎತ್ತಿದ್ಮೇಲೆ ಹೊಡೆದೇ ಹೊಡೀತಾನೆ. ನಮ್ ಕೌನ್ಸಿಲರ್ ಮುಗಿದ ಕೈ ಇನ್ನೂ ಮುಗಿದಂಗೇ ಐತೆ!"

ನನಗೂ ಅನುಮಾನ ಹತ್ತಿತು. ಜ್ವರ ಬಂದರೂ ಮಗ್ಗ ನಿಲ್ಲಿಸುವ ಜಾತಿಯಲ್ಲ ಇದು. ಏನೋ ಮುಚ್ಚಿಡುತ್ತಿದ್ದಾನೆ. ತಲೆ ಕೆಟ್ಟಿತೇ? ಇಲ್ಲಾ ಬೊಂಬೆಯ ನೆಪದಲ್ಲಿ ಬೇರೇನಾದರೂ ನೋಡುತ್ತಾನೆಯೇ?

ಅಷ್ಟರಲ್ಲಿ ಕೇಬಲಿನವನು ಆ ಚಾನೆಲ್ ಕಿತ್ತು, ಆ ಜಾಗದಲ್ಲಿ ಹಳೇ ಸಿನಿಮಾ ಬಿಡತೊಡಗಿದ. ಅವನು ನಮ್ಮ ವಾರ್ಡಿನಲ್ಲಿ ಒಂದು ಪಾರ್ಟಿಯ ಪುಢಾರಿಯೂ ಹೌದು. ಮಾವ ನನ್ನನ್ನೂ ಎಳೆದುಕೊಂಡು ಅವನ ಅಂಗಡಿಗೆ ನುಗ್ಗಿದ.

"ಯಾರ್ ಹೇಳ್ಕೊಟ್ರು ನಿಂಗೆ? ದಿಲ್ಲಿಯೋರಾ?"

"ಅದೈ ಯಾರುಂ ಪಾಕ್ಕಲೆ ಪೆರಿಯವರೇ," ಅದನ್ನು ಯಾರೂ ನೋಡಲ್ಲ ಎಂದು ಕೇಬಲಿನವನು ನಕ್ಕ.

ಮಾವನ ಹೆಗಲ ಟವೆಲ್ಲು ಕೈಗೆ ಬಂತು. "ತಿರುಗಾ ಆಕಪ್ಪ. ಈ ಸಲ ನನ್ ಓಟು ನಿನ್ ಪಾರ್ಟಿಗೇ."

ಅತ್ತೆಗೂ ಹೇಳದ ಓಟು! ಕೇಬಲಿನವನಿಗೇ ಅನುಮಾನ ಬಂದು, "ನಿಜಮಾವಾ?" ನಿಜವಾಗ್ಲೂನಾ, ಎಂದ.

"ನಂಬು," ಎಂದ ಮಾವ. ಆ ಮಾತು ಅವನ ಬಾಯಿಂದ ಹೊರಬಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚಾನೆಲ್ ವಾಪಸು ಬಂತು. ಮರುದಿನ ಸಾಯಂಕಾಲ ನಾನೂ ನನ್ನ ಮಗ್ಗ ನಿಲ್ಲಿಸಿ, ಮಾವನ ಮನೆಯ ಕಿಟಕಿಗೆ ಕಣ್ಣಿಟ್ಟೆ.

ಟಿವಿಯಲ್ಲಿ ಸೌಂಡೇ ಇಲ್ಲ, ಪೂರ್ತಿ ಇಳಿಸಿದ್ದ. ಚಾಪೆಯ ಮೇಲೆ ಮಾವ, ಪಕ್ಕದಲ್ಲಿ ಅತ್ತೆ. ನೀಲಿ ಕೂದಲ ಹುಡುಗ ತಾಯಿಯನ್ನು ಬಿಟ್ಟು ಹೊರಟ. ಮಾವ ಎರಡು ಬೆರಳು ಜೋಡಿಸಿ ಬಿಡಿಸಿದ: ನೂಲು ಹರಿಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಪ್ಪಂಗಿಯ ರಾಕ್ಷಸ ಬಂದ. ಮಾವನ ಕೈ ಏಳುವ ಮುಂಚೆಯೇ ಅತ್ತೆ ತನ್ನ ಇಲ್ಲದ ಮೀಸೆ ತಿರುವಿದಳು! ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ! ಮಾವನಿಗೂ ಒಂದಕ್ಷರ ಅರ್ಥವಾಗದ ಆಟ ಅದೊಂದೇ. ಅದರ ಮುಂದೆ ಅವನೂ ಅವಳಷ್ಟೇ ಕಿವುಡ.

ಕಿಟಕಿಯಲ್ಲಿ ನನ್ನ ತಲೆ ಮಾವನಿಗೆ ಕಂಡಿತು. "ಏನ್ಲಾ, ಕದ್ದು ನೋಡ್ತೀಯ? ಯಾರ್ ಕಳ್ಸಿದ್ರು ನಿನ್ನ? ನಿನ್ ಕಣ್ಣು ಚಿಕ್ಕದಾಗಿರೋದ್ ನೋಡಿದಾಗ್ಲೇ ಅಂದ್ಕೊಂಡೆ!"

ನಾನು ಒಳಗೆ ಹೋಗಿ ಚಾಪೆಯ ಅಂಚಿನಲ್ಲಿ ಕೂತೆ. ಟಿವಿಯ ಕಡೆ ಬೆರಳು ತೋರಿಸಿ ಅತ್ತೆಯನ್ನು ಕೈಯಲ್ಲೇ ಕೇಳಿದೆ: ಏನಂತೆ?

ಅವಳು ಆಮೇಲೆ ಹೇಳ್ತೀನಿ ಅನ್ನಲಿಲ್ಲ. ನನ್ನ ಕಡೆ ಪೂರ್ತಿ ತಿರುಗಿ ಕೂತು, ಎರಡೂ ಕೈ ಎತ್ತಿ, ಕಥೆಯನ್ನು ಮೊದಲಿನಿಂದ ಶುರು ಮಾಡಿದಳು.