ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ

ಗ್ಯಾರೇಜ್ ಇಟ್ಟವನಿಗೆ ಶನಿ ಯಾವ ಮೂಲೆಯಿಂದ ಬರುತ್ತಾನೆ ಅಂತ ಹೇಳುವುದಕ್ಕಾಗಲ್ಲ. ನನಗೆ ಬಂದವನು ಕೆಂಪು ಬಣ್ಣದ, ಎರಡೇ ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಕೂತು ಬಂದ. ಕೂತು ಬಂದ ಅನ್ನುವುದೂ ತಪ್ಪು, ತಳ್ಳಿಸಿಕೊಂಡು ಬಂದ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದಿಂದ ಮದ್ರಾಸಿಗೆ ಬಂದು ಬೆಸೆಂಟ್ ನಗರದ ಒಂದು ಸಂದಿಯಲ್ಲಿ ಗ್ಯಾರೇಜ್ ತೆರೆದಿದ್ದೆ. ಅದೇ ಏರಿಯಾದಲ್ಲಿ ಮೈಸೂರಿನ ಕಡೆಯ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರಿದ್ದರು. ಊರಿಗೆ ವಾಪಸ್ ಹೊರಟಿದ್ದ ಒಬ್ಬ ಫಾರಿನ್ನಿನವನ ಹತ್ತಿರ ಅವರು ಆ ಕಾರು ಕೊಂಡಿದ್ದರು. ಕನ್ನಡದವನು ಅಂತ ಹುಡುಕಿಕೊಂಡು ನನ್ನ ಹತ್ತಿರ ಬಂದರು. ಆ ಕಾರಿಗೆ ಇದ್ದದ್ದು ಒಂದೇ ಕಾಯಿಲೆ. ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತೆ, ಎಂಜಿನ್ ಗಿರಗಿರ ಸುತ್ತುತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ. ಕಾರಣ ಮಾತ್ರ ಪ್ರತಿ ಸಲವೂ ಬೇರೆ.

ಮುಳ್ಳು

ಮೊದಲನೇ ಸಲ ಕಾರು ನಿಂತದ್ದು ಬೀಚ್ ರಸ್ತೆಯಲ್ಲಿ, ಸಂಜೆ ಜನ ಗಿಜಿಗುಡುವ ಹೊತ್ತಿನಲ್ಲಿ. ನಾನು ಹೋಗುವಷ್ಟರಲ್ಲಿ ಸುಂಡಲ್ ಅನ್ನುವ ಕಡಲೆ ಉಸಲಿ ಮಾರುವವರಿಂದ ಹಿಡಿದು ವಾಕಿಂಗ್ ಬಂದ ಯಜಮಾನರವರೆಗೆ ಎಲ್ಲರೂ ಬಾನೆಟ್ಟಿನೊಳಗೆ ತಲೆ ತೂರಿಸಿದ್ದರು. ಅವರನ್ನೆಲ್ಲ ಸರಿಸಿ ನೋಡುವುದೇ ಒಂದು ಕೆಲಸವಾಯಿತು.

"ಸಾರ್, ಪೆಟ್ರೋಲ್ ಇದೆಯಾ?" ಅಂತ ಮೊದಲು ಕೇಳಿದೆ.

"ಮುಳ್ಳು ನೋಡ್ರಿ, ಅರ್ಧ ಟ್ಯಾಂಕ್ ಇದೆ," ಅಂದರು ಡಾಕ್ಟರು, ಇಂಥ ಪ್ರಶ್ನೆ ನನ್ನನ್ನು ಕೇಳುತ್ತೀಯಾ ಅನ್ನುವ ಹಾಗೆ.

ಸರಿ ಅಂತ ಪ್ಲಗ್ ಬಿಚ್ಚಿದೆ, ಕಿಡಿ ಚೆನ್ನಾಗಿತ್ತು. ಫ್ಯೂಸ್ ನೋಡಿದೆ, ಚೆನ್ನಾಗಿತ್ತು. ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪಿನ ಮೇಲೆ ಅನುಮಾನ ಬಂದು, ಕಾರನ್ನು ಗ್ಯಾರೇಜಿಗೆ ಎಳೆಸಿ, ಹಿಂದಿನ ಸೀಟೆಲ್ಲ ಕಿತ್ತು, ಬೆವರು ಸುರಿಸಿಕೊಂಡು ಪಂಪ್ ಹೊರಗೆ ತೆಗೆದೆ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರೆ ತಳದ ತಗಡು ಫಳಫಳ ಹೊಳೆಯುತ್ತಿತ್ತು. ಒಂದು ಲೋಟ ಪೆಟ್ರೋಲ್ ಕೂಡ ಇರಲಿಲ್ಲ.

"ಸಾರ್, ಈ ಮುಳ್ಳು ಯಾವತ್ತಿನಿಂದ ಅರ್ಧದಲ್ಲಿದೆ?"

"ಕೊಂಡ ದಿನದಿಂದ," ಅಂದರು ಡಾಕ್ಟರು ಹೆಮ್ಮೆಯಿಂದ. "ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಫಾರಿನ್ ಗಾಡಿ ಪೆಟ್ರೋಲೇ ಕುಡಿಯಲ್ಲ ಅಂತ."

ಫೋನಿನಲ್ಲಿ ತಪಾಸಣೆ

ಇನ್ನೊಂದು ದಿನ ಬೆಳಿಗ್ಗೆ ಕಾರು ಮನೆಯಲ್ಲೇ ಕೈಕೊಟ್ಟಿತ್ತು. ಡಾಕ್ಟರು ಆಟೋ ಹಿಡಿದು ಕ್ಲಿನಿಕ್ಕಿಗೆ ಹೋಗಿ ಅಲ್ಲಿಂದ ಫೋನ್ ಮಾಡಿದರು.

ಹೋಗುವ ಮೊದಲು ಕಾಯಿಲೆ ಗೊತ್ತಾದರೆ ಬೇಕಾದ ಸಾಮಾನು ಒಯ್ಯಬಹುದು ಅಂತ ನಾನು ಕೇಳಿದೆ, "ಸಾರ್, ಕೀ ತಿರುಗಿಸಿದಾಗ ಸದ್ದು ಹೇಗೆ ಬಂತು? ಟಕ್ ಟಕ್ ಅಂದು ನಿಂತುಹೋಯಿತಾ, ಇಲ್ಲ ಒಂದೇ ಸಮ ಸುತ್ತಿತಾ?"

"ಒಂದೇ ಸಮ ಸುತ್ತಿತು."

"ಸ್ವಲ್ಪ ಮಾಡಿ ತೋರಿಸಿ ಸಾರ್. ಜೋರಾಗಿ ಸುತ್ತಿತಾ, ಸುಸ್ತಾಗಿ ಸುತ್ತಿತಾ ಅಂತ ತಿಳಿಯಬೇಕು."

ಡಾಕ್ಟರು ಗಂಟಲು ಸರಿಮಾಡಿಕೊಂಡು, "ಕುರ್ರ್ ಕುರ್ರ್ ಕುರ್ರ್ ಕುರ್ರ್," ಅಂದರು. ಬಹಳ ಮನಸ್ಸಿಟ್ಟು ಮಾಡಿದರು. ಬ್ಯಾಟರಿ ಚೆನ್ನಾಗಿದೆ ಅಂತ ನನಗೆ ಗೊತ್ತಾಯಿತು.

"ಕೊನೆಯಲ್ಲಿ ಏನಾದರೂ ಕೆಮ್ಮಿದ ಹಾಗೆ ಸದ್ದು?"

"ಕುರ್ರ್ ಕುರ್ರ್ ಕುರ್ರ್, ಢುಬ್."

ಅದೇ ಹೊತ್ತಿಗೆ ಫೋನಿನಲ್ಲಿ ಇನ್ನೊಂದು ದನಿ ಕೇಳಿಸಿತು. ಯಾರೋ ಹೆಂಗಸು ನಿಧಾನವಾಗಿ, ಕಷ್ಟಪಟ್ಟು, "ಕುರ್ರ್ ಕುರ್ರ್, ಢುಬ್," ಅನ್ನುತ್ತಿದ್ದರು. ನಾನು ಲೈನ್ ಕ್ರಾಸ್ ಆಯಿತೇನೋ ಅಂದುಕೊಂಡೆ.

ಡಾಕ್ಟರು ಫೋನಿಗೆ ಕೈ ಅಡ್ಡ ಹಿಡಿದು ತಮಿಳಿನಲ್ಲಿ ಹೇಳುವುದು ಕೇಳಿಸಿತು, "ಅಮ್ಮಾ, ಅದು ನಿಮಗಲ್ಲ. ನೀವು ಬಾಯಿ ತೆರೆದು 'ಆ' ಅನ್ನಿ, ಸಾಕು."

ಸಾಂಬ್ರಾಣಿ

ಆಯುಧಪೂಜೆಯ ದಿನ ನನ್ನ ಗ್ಯಾರೇಜಿನಲ್ಲೂ ಪೂಜೆ. ಕುಂಬಳಕಾಯಿ ಒಡೆಯಬೇಕು ಅನ್ನುವಷ್ಟರಲ್ಲಿ ಡಾಕ್ಟರ ಫೋನು. ಹೋಗಿ ನೋಡಿದರೆ ಬಾನೆಟ್ ತೆರೆದಿದೆ, ಎಂಜಿನ್ ಹೊಸ ಬೆಳ್ಳಿ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಫ್ಲ್ಯಾಟಿನ ವಾಚ್‌ಮನ್ ಪೈಪ್ ಹಿಡಿದುಕೊಂಡು ಶಹಬ್ಬಾಸ್‌ಗಿರಿಗೆ ಕಾಯುತ್ತಿದ್ದಾನೆ.

"ಎಂಜಿನ್‌ಗೆ ಯಾಕಪ್ಪಾ ನೀರು ಹೊಡೆದೆ?" ಅಂತ ತಮಿಳಿನಲ್ಲಿ ಕೇಳಿದೆ.

"ಪೂಜೆ ಯಾವುದಕ್ಕೆ ಸಾರ್, ಬಣ್ಣಕ್ಕಾ, ಎಂಜಿನ್‌ಗಾ?" ಅಂದ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಬ್ಬಿಯೊಳಗೆ ನೀರು ಸೇರಿಬಿಟ್ಟಿತ್ತು. ಡಬ್ಬಿ ಬಿಚ್ಚಿ ಒರೆಸಿ ಒಣಗಿಸಿದರೆ ಸರಿಹೋಗುತ್ತೆ ಅಂತ ಡಾಕ್ಟರಿಗೆ ಹೇಳಿ, ಸ್ಪಾನರ್ ತರಲು ನನ್ನ ಸ್ಕೂಟರಿನ ಹತ್ತಿರ ಹೋದೆ. ತಿರುಗಿ ಬರುವಷ್ಟರಲ್ಲಿ ಡಾಕ್ಟರ ತಾಯಿ ಕೆಂಡ ತುಂಬಿದ ಧೂಪದ ಬಟ್ಟಲು ಹಿಡಿದುಕೊಂಡು ಎಂಜಿನ್ ಮೇಲೆ ಬಗ್ಗಿದ್ದಾರೆ.

ಓಡಿಹೋಗಿ ಬಟ್ಟಲು ಕಿತ್ತುಕೊಂಡೆ.

"ಅಮ್ಮಾ, ಇಲ್ಲಿ ಪೆಟ್ರೋಲ್ ಓಡಾಡುತ್ತೆ."

"ಗೊತ್ತಪ್ಪ," ಅಂದರು ಅವರು ಸಮಾಧಾನದಿಂದ. "ನೀನೇ ತಾನೆ ಒಣಗಿಸಬೇಕು ಅಂದಿದ್ದು? ಇವನನ್ನ ನಾನು ಹೀಗೇ ತಲೆಗೆ ಸಾಂಬ್ರಾಣಿ ಕೊಟ್ಟು ಬೆಳೆಸಿದ್ದು. ಒಂದು ದಿನ ನೆಗಡಿ ಆಗಿಲ್ಲ."

ಹಿಂದೆ ನಿಂತಿದ್ದ ಡಾಕ್ಟರು ಮೂಗು ಒರೆಸಿಕೊಂಡರು.

ಭಾನುವಾರದ ಕಾಯಿಲೆ

ಆಮೇಲೆ ಶುರುವಾದದ್ದು ನನ್ನನ್ನು ಅರ್ಧ ಹುಚ್ಚನನ್ನಾಗಿ ಮಾಡಿತು. ಕಾರು ವಾರವೆಲ್ಲ ಸರಿಯಾಗಿರುತ್ತಿತ್ತು, ಭಾನುವಾರ ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗುತ್ತಿರಲಿಲ್ಲ. ಭಾನುವಾರ ಡಾಕ್ಟರು ಹೆಂಡತಿಯನ್ನೂ ತಾಯಿಯನ್ನೂ ಕೂರಿಸಿಕೊಂಡು ತ್ರಿಪ್ಲಿಕೇನಿನ ದೇವಸ್ಥಾನಕ್ಕೆ, ಅಲ್ಲಿಂದ ಉಡುಪಿಯವರ ಹೋಟೆಲಿಗೆ ಹೋಗುವ ಪದ್ಧತಿ. ಕಾರು ಕೈಕೊಟ್ಟರೆ ಕಾಲ್ ಟ್ಯಾಕ್ಸಿ. ಸೋಮವಾರ ನಾನು ಹೋದರೆ ಮುಟ್ಟಿದ ಕೂಡಲೇ ಸ್ಟಾರ್ಟ್. ಇಷ್ಟೇ ಆಗಿದ್ದರೆ ಹೇಗೋ ತಾಳಿಕೊಳ್ಳುತ್ತಿದ್ದೆ. ಕೆಲವು ಭಾನುವಾರ ಏನೂ ಆಗದ ಹಾಗೆ ಸ್ಟಾರ್ಟ್ ಆಗಿಬಿಡುತ್ತಿತ್ತು. ರಿಲೇ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ, ವೈರ್‌ಗಳನ್ನೆಲ್ಲ ಬಿಚ್ಚಿ ಕಟ್ಟಿದೆ. ನನ್ನ ಹೆಂಡತಿ, "ಗಾಡಿಗೆ ರಾಹುದೋಷ ಇರಬೇಕು, ಯಾರಿಗಾದರೂ ತೋರಿಸಿ," ಅಂದಳು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಯಾರಿಗೂ ಹೇಳದೆ, ಅವರ ಫ್ಲ್ಯಾಟಿನ ಕೆಳಗೆ ಹೋಗಿ ಕಾರಿನ ಹಿಂದೆ ಕೂತೆ. ಸ್ವಲ್ಪ ಹೊತ್ತಿಗೆ ಡಾಕ್ಟರ ಹೆಂಡತಿ ಇಳಿದು ಬಂದರು. ಆಕಡೆ ಈಕಡೆ ನೋಡಿ, ಬಾಗಿಲು ತೆಗೆದು, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ಟಕ್ ಅಂತ ಏನೋ ಒತ್ತಿದರು. ತಿರುಗಿದರೆ ನಾನು.

ಅವರಿಗೆ ನಾಚಿಕೆಯಾಗುತ್ತದೆ ಅಂದುಕೊಂಡೆ. ಆಗಲಿಲ್ಲ.

"ಇಲ್ಲೊಂದು ಬಟನ್ ಇದೆ. ಕಿವಿಯ ಓಲೆ ಬಿದ್ದಾಗ ಹುಡುಕುತ್ತಾ ಕೈಗೆ ಸಿಕ್ಕಿತು," ಅಂದರು. ಬಗ್ಗಿ ನೋಡಿದೆ. ಹಿಂದಿನ ಯಜಮಾನ ಕಳ್ಳರ ಭಯಕ್ಕೆ ಹಾಕಿಸಿದ್ದ ಗುಟ್ಟಿನ ಬಟನ್. ಒಂದು ಸಲ ಒತ್ತಿದರೆ ಪಂಪಿಗೆ ಕರೆಂಟ್ ಹೋಗಲ್ಲ, ಮತ್ತೊಂದು ಸಲ ಒತ್ತಿದರೆ ಹೋಗುತ್ತೆ.

"ಯಾಕೆ ಮೇಡಂ ಹೀಗೆ?"

"ಮುಂದಿನ ಸೀಟು ಅತ್ತೆಗೆ. ಹಿಂದೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು, ರೇಷ್ಮೆ ಸೀರೆಯಲ್ಲಿ, ಇಲ್ಲಿಂದ ತ್ರಿಪ್ಲಿಕೇನ್ ತನಕ ನೀವು ಒಂದು ಸಲ ಕೂತು ನೋಡಿ. ಟ್ಯಾಕ್ಸಿಯಲ್ಲಿ ಹೋಗಿ ವಾಪಸ್ ಬಂದಮೇಲೆ ಇನ್ನೊಂದು ಸಲ ಒತ್ತಿ ಸರಿ ಮಾಡಿಬಿಡ್ತೀನಿ. ಆದರೆ ಈ ಬಟನ್ನೇ ಕೆಟ್ಟಿದೆ ಕಣ್ರೀ. ಕೆಲವು ವಾರ ಒತ್ತಿದ್ದರೂ ಸ್ಟಾರ್ಟ್ ಆಗಿಬಿಡುತ್ತೆ. ನಮ್ಮ ಯಜಮಾನರಿಗೆ ಗೊತ್ತಾಗದ ಹಾಗೆ ರಿಪೇರಿ ಮಾಡಿಕೊಡಿ."

ಇಷ್ಟು ಹೇಳಿ ಮೇಲೆ ಹೋದರು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಷ್ಟರಲ್ಲಿ ಡಾಕ್ಟರ ತಾಯಿ, ಮೇಲಿನಿಂದ ನನ್ನನ್ನು ಕಂಡಿರಬೇಕು, ಕಾಫಿ ಹಿಡಿದುಕೊಂಡು ಬಂದರು. ಲೋಟ ಕೈಗೆ ಕೊಟ್ಟು, ದನಿ ತಗ್ಗಿಸಿದರು.

"ಸೊಸೆಗೆ ಗೊತ್ತಾಗಬಾರದಪ್ಪ. ಆ ಸೀಟಿನ ಕೆಳಗೆ ಒಂದು ಗುಂಡಿ ಇದೆ. ಕನ್ನಡಕ ಬಿದ್ದಾಗ ಕಂಡಿತು. ಈ ಕಾರಿನಲ್ಲಿ ಕೂತರೆ ರಸ್ತೆ ಮೇಲೇ ಕುಕ್ಕರಗಾಲಲ್ಲಿ ಕೂತ ಹಾಗಿರುತ್ತೆ, ಎಬ್ಬಿಸೋಕೆ ಇಬ್ಬರು ಬೇಕು. ಅದಕ್ಕೆ ಮಂಡಿ ಹಿಡಿದುಕೊಂಡ ವಾರ ಒತ್ತಿಬಿಡ್ತೀನಿ. ಇವತ್ತೂ ಬೆಳಕು ಹರಿಯೋಕೆ ಮುಂಚೆ ಹೂವು ಕೀಳೋಕೆ ಬಂದಾಗ ಒತ್ತಿ ಹೋಗಿದ್ದೆ. ಆದರೆ ಅದನ್ನ ನಂಬೋ ಹಾಗಿಲ್ಲ, ಒಂದೊಂದು ವಾರ ಕೆಲಸವೇ ಮಾಡಲ್ಲ. ಏನಾಗಿದೆ, ನೋಡು."

ಏನಾಗಿದೆ ಅಂತ ನನಗೆ ಗೊತ್ತಿತ್ತು. ಇಬ್ಬರೂ ಒತ್ತಿದ ವಾರ ಒಬ್ಬರು ನಿಲ್ಲಿಸಿದ ಕರೆಂಟನ್ನು ಇನ್ನೊಬ್ಬರು ವಾಪಸ್ ಬಿಡುತ್ತಿದ್ದರು. ಬಾಯಿ ಸುಟ್ಟುಕೊಂಡು ಕಾಫಿ ಕುಡಿದೆ.

ಡಾಕ್ಟರು ಇಸ್ತ್ರಿ ಪಂಚೆಯಲ್ಲಿ ಇಳಿದು ಬಂದರು. ಹಿಂದೆಯೇ ರೇಷ್ಮೆ ಸೀರೆ ಉಟ್ಟು ಹೆಂಡತಿ. ಡಾಕ್ಟರು ನನ್ನನ್ನು ನೋಡಿ ಖುಷಿಯಾಗಿ, ಕೂತು ಕೀ ತಿರುಗಿಸಿದರು. ಅರ್ಧ ಸುತ್ತಿಗೇ ಎಂಜಿನ್ ಗುರ್ ಅಂತ ಎದ್ದು ನಿಂತಿತು.

ಅತ್ತೆ ನನ್ನನ್ನು ನೋಡಿದರು. ಸೊಸೆ ನನ್ನನ್ನು ನೋಡಿದರು. ಅಂಥ ನೋಟ ನನಗೆ ನನ್ನ ಮನೆಯಲ್ಲೂ ಸಿಕ್ಕಿಲ್ಲ.

"ನೋಡಿದ್ರಾ," ಅಂದರು ಡಾಕ್ಟರು ಇಬ್ಬರ ಕಡೆಗೂ ತಿರುಗಿ, "ಇವರು ಬಂದು ನಿಂತರೆ ಸಾಕು, ಸ್ಟಾರ್ಟ್ ಆಗುತ್ತೆ. ಇನ್ನು ಮೇಲೆ ಪ್ರತಿ ಭಾನುವಾರ ಬಂದುಬಿಡ್ರಿ."