ಎದುರು ನಿಂತು ಹಾಕಿದ ಶಾಕಪ್

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ನನ್ನ ಪರವಾಗಿ ಸಾಕ್ಷಿ ಹೇಳುವವರು ಮಿರಜದಲ್ಲಿ ಯಾರೂ ಉಳಿದಿಲ್ಲ; ಎಲ್ಲರನ್ನೂ ಒಂದಲ್ಲ ಒಂದು ಸಲ ಅಣಕಿಸಿ ಮುಗಿಸಿದ್ದೇನೆ. ಕೆಲವರಿಗೆ ಮಂಡಿನೋವು, ಕೆಲವರಿಗೆ ಪಿತ್ತ. ನನಗೆ ಕಂಡವರ ದನಿಯೆಲ್ಲ ಗಂಟಲಲ್ಲಿ ಬಂದು ಕೂರುವ ರೋಗ. ನಮ್ಮ ಕಾರು ನನಗಿಂತ ಒಂದೇ ವರ್ಷ ಚಿಕ್ಕದು. ಅದು ರಸ್ತೆಯ ಗುಂಡಿಗಳಲ್ಲಿ ಮುಂಭಾಗದಿಂದ ಸದ್ದು ಮಾಡತೊಡಗಿದಾಗ ಬುದ್ಧಿಯಿದ್ದವರು ಗ್ಯಾರೇಜಿಗೆ ಹೋಗುತ್ತಿದ್ದರು. ನಾನು ಆ ಸದ್ದನ್ನು ಕಲಿಯಲು ಕೂತೆ. "ಧಡ್, ಕಟಕಟ, ಕುಂಯ್ಯ್!" ಚಹಾದಂಗಡಿಯಲ್ಲಿ, ಮದುವೆಮನೆಯಲ್ಲಿ ಅದಕ್ಕೆ ಎಂಥ ಬೇಡಿಕೆ ಅಂತೀರಿ! ನಮ್ಮ ಶಶಿ ಮಿಸ್ತ್ರಿ ಬಾನೆಟ್ಟು ಒತ್ತಿ ನೋಡಿ, "ಮುಂದಿನ ಎರಡೂ ಶಾಕಪ್ ಸತ್ತಾವ. ಪೆಟ್ಟು ನುಂಗೂದ ಬಿಟ್ಟು ಉಗುಳಾಕತ್ತಾವ. ಬದ್ಲಿ ಮಾಡ್ಸು" ಎಂದಿದ್ದ. ಶಾಕಪ್ ಎಂದರೆ ಗ್ಯಾರೇಜಿನ ಬಾಯಲ್ಲಿ ಶಾಕ್ ಅಬ್ಸಾರ್ಬರ್. ನಾನು ಅವನ ದನಿಯಲ್ಲೇ ಅವನ ಮಾತನ್ನು ಅವನಿಗೇ ತಿರುಗಿ ಹೇಳಿ, ಎಲ್ಲರನ್ನೂ ನಗಿಸಿ, ಕಾರು ಓಡಿಸಿಕೊಂಡು ಬಂದೆ. ರಿಪೇರಿಯಾದರೆ ನನ್ನ ಐಟಂ ಹೋಗುತ್ತಿತ್ತಲ್ಲ.

ಐಟಂ ಉಳಿಯಿತು, ಕಾಕಾನ ತಂಬೂರಿ ಒಡೆಯಿತು. ಅಣ್ಣಪ್ಪ ಕಾಕಾ ನಮ್ಮಪ್ಪನ ತಮ್ಮ. ಮಿರಜದಲ್ಲಿ ತಂಬೂರಿ ಮಾಡುವುದೇ ಅವನ ಕಸುಬು. ಸೋರೆ ಬುರುಡೆ ಆರಿಸುವುದರಿಂದ ಹಿಡಿದು ತಂತಿ ಕಟ್ಟುವವರೆಗೆ ಒಂದೊಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಂಥದೊಂದನ್ನು "ನಾ ಮುಟ್ಟಿಸ್ತೀನಿ ಬಿಡ್ರಿ ಕಾಕಾ" ಎಂದು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟವನು ನಾನು. ಒಂದು ಸ್ಪೀಡ್ ಬ್ರೇಕರಿನ ಮೇಲೆ ಕಾರು ಧಡ್ ಎಂದಿತು, ಬುರುಡೆ ಟಪ್ ಎಂದಿತು. ಜಗತ್ತಿನ ಸದ್ದುಗಳಲ್ಲಿ ಅದೊಂದನ್ನು ಮಾತ್ರ ನಾನು ಈವರೆಗೆ ಅನುಕರಿಸಿಲ್ಲ. ಅಂದಿನಿಂದ ಕಾಕಾ ತಂಬೂರಿಯನ್ನು ಮಗುವಿನಂತೆ ತಬ್ಬಿಕೊಂಡು ಶೇರ್ ಆಟೋದಲ್ಲಿ, ನಾಲ್ಕು ಜನರ ಮೊಣಕೈ ತಿವಿಸಿಕೊಂಡು ಹೋಗತೊಡಗಿದ.

ಮಾಧವನಗರದ ಸಂಗೀತದ ಟೀಚರು ಬಾಯಿಯವರಿಗೆ ಹೊಸ ತಂಬೂರಿ ಸಿದ್ಧವಾದಾಗ, ಅದನ್ನೂ ಕಾರಿನಲ್ಲಿ ನಾನೇ ಮುಟ್ಟಿಸುತ್ತೇನೆಂದು ಮತ್ತೆ ಮುಂದೆ ಬಂದೆ. ಕಾಕಾ ತಂತಿ ಒರೆಸುತ್ತ ತಲೆಯೆತ್ತದೆ ಹೇಳಿದ: "ನಿನ್ನ ಗಾಡ್ಯಾಗ ನಾ ಉಳ್ಳಾಗಡ್ಡಿ ಸೈತ ಹಾಕಂಗಿಲ್ಲ."

"ಹೊಸಾ ಶಾಕಪ್ ಹಾಕ್ಸತೀನ್ರಿ."

"ಹಾಕ್ಸು. ಮೊದಲ ನಾ ಒಬ್ಬಾವ ಕುಂತ ನೋಡ್ತೀನಿ. ನನ್ನ ಬುರುಡಿ ಉಳೀತಂದ್ರ ಆಮ್ಯಾಲೆ ತಂಬೂರಿ ಬುರುಡಿ."

ಮರುದಿನವೇ ಸಾಂಗಲಿಗೆ ಓಡಿದೆ. ಬಿಡಿಭಾಗದ ಅಂಗಡಿಯವನು ಕಾರಿನ ವಯಸ್ಸು ಕೇಳಿ, ತೀರಿಹೋದವರ ವಿಷಯ ಮಾತಾಡುವಂತೆ ದನಿ ತಗ್ಗಿಸಿದ: "ಕಂಪನೀದ ಸಿಗಂಗಿಲ್ಲ ಭಾವು. ಬ್ಯಾರೆಯವ್ರು ಮಾಡಿದ್ದ ಐತಿ, ಬರೋಬ್ಬರಿ ಕುಂದರತೈತಿ." ಕಪ್ಪಗೆ ಮಿರಿಮಿರಿ ಮಿಂಚುವ ಎರಡು ಶಾಕಪ್; ಒಂದರ ಮೇಲೆ ಎಡ, ಇನ್ನೊಂದರ ಮೇಲೆ ಬಲ ಎಂಬ ಚೀಟಿ. ಮದುಮಕ್ಕಳನ್ನು ಕರೆತರುವಂತೆ ತಂದೆ.

ಶಶಿ ಮಿಸ್ತ್ರಿ ಹಳೆಯ ಸ್ಪ್ರಿಂಗುಗಳನ್ನು ಕ್ಲಾಂಪಿನಲ್ಲಿ ಬಿಗಿದು ಹೊಸ ಶಾಕಪ್ಪುಗಳಿಗೆ ಏರಿಸಿದ. "ಸ್ಪ್ರಿಂಗ್ ಸಿಟ್ಟಿನ ಜಾತಿ. ಅದರ ತಂಟೆಗೆ ನೀ ಬರಬ್ಯಾಡ" ಎಂದ. ಬೋಲ್ಟಾದರೂ ನಾನು ಹಾಕುತ್ತೇನೆಂದು ಹಟ ಹಿಡಿದೆ. ಒಡೆದವನು ನಾನೇ, ಕೂಡಿಸುವವನೂ ನಾನೇ ಆಗಬೇಕೆಂಬ ಆಸೆ. ಅವನು ಚಹಾಕ್ಕೆ ಹೋದ. ನಾನು ಕಾರಿನ ಎದುರು ಕಾಲಗಲಿಸಿ ನಿಂತು, ನನ್ನ ಎಡಗೈ ಕಡೆ ಎಡದ್ದು, ಬಲಗೈ ಕಡೆ ಬಲದ್ದು ಇಟ್ಟುಕೊಂಡು, ಬೆವರು ಸುರಿಸಿ ಎರಡನ್ನೂ ಬಿಗಿದೆ. ಮರಳಿ ಬಂದ ಮಿಸ್ತ್ರಿ ಬಗ್ಗಿ ನೋಡಿದ. ಬ್ರೇಕಿನ ಪೈಪು ಸಿಕ್ಕಿಸುವ ಹಿಡಿಕೆ ಶಾಕಪ್ಪಿನ ಆಚೆ ಬದಿಗೆ ಹೋಗಿ, ಪೈಪು ಅದನ್ನು ಹುಡುಕುತ್ತ ಹಗ್ಗದಂತೆ ಬಿಗಿದುಕೊಂಡಿತ್ತು.

"ಎಡ-ಬಲ ಗಾಡ್ಯಾಗ ಕುಂತಾವಂದು ಹಿಡೀಬೇಕಪಾ. ಎದುರ ನಿಂತಾವಂದಲ್ಲ!"

ಏನು ಮಾಡಲಿ? ಅಣಕಿಸುವವನು ಬದುಕುವುದೇ ಎದುರು ನಿಂತು. ನೀವು ಬಲಗೈ ಎತ್ತಿದರೆ ನಾನು ಎಡಗೈ ಎತ್ತುತ್ತೇನೆ, ಕನ್ನಡಿಯ ಹಾಗೆ. ಇಷ್ಟು ವರ್ಷ ಚಪ್ಪಾಳೆ ತಂದ ಅಭ್ಯಾಸ ಒಂದು ಮಧ್ಯಾಹ್ನದಲ್ಲಿ ಎರಡು ಶಾಕಪ್ಪುಗಳನ್ನು ಅದಲುಬದಲು ಮಾಡಿಸಿತ್ತು. ಮಿಸ್ತ್ರಿ ಗ್ಯಾರೇಜಿಗೆಲ್ಲ ನನ್ನ ನಕಲು ಮಾಡಿ ತೋರಿಸಿದ: ಕಾಲಗಲಿಸಿ, ಎದೆಯುಬ್ಬಿಸಿ, ಎರಡೂ ಕೈಯಲ್ಲಿ ಶಾಕಪ್ ಹಿಡಿದು. ಚೆನ್ನಾಗಿಯೇ ಮಾಡಿದ, ಹಾಳಾದವನು. ಎಲ್ಲವನ್ನೂ ಬಿಚ್ಚಿ, ಬದಲಿಸಿ, ಚಕ್ರಗಳ ನೇರ ಸರಿಪಡಿಸಿ ಹೊರಗೆ ಬರುವಾಗ ಸಂಜೆಯಾಗಿತ್ತು.

ರವಿವಾರ ಬೆಳಿಗ್ಗೆ ಕಾಕಾ ಪರೀಕ್ಷೆಗೆ ಕೂತ. ಕಣ್ಣು ಮುಚ್ಚಿ, ಕಿಟಕಿಯಾಚೆ ಕಿವಿ ಚಾಚಿ. ಮೊದಲ ಗುಂಡಿ: ಸದ್ದಿಲ್ಲ. ಎರಡನೆಯದು: ಇಲ್ಲ. ನಾನು ಗೆದ್ದೆನೆಂದು ಉಬ್ಬುವಷ್ಟರಲ್ಲಿ ಆತ, "ನಿಂದ್ರಸು. ಬಲಗಡೆ, ಮ್ಯಾಲೆ, ಟಿಕ್ ಅಂತೈತಿ" ಎಂದ. ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲ. ಗ್ಯಾರೇಜಿಗೆ ತಿರುಗಿಸಿದೆವು. ಬಾನೆಟ್ಟಿನ ಕೆಳಗೆ ಬಲಗಡೆಯ ಒಂದು ನಟ್ಟು ಕಾಲು ಸುತ್ತು ಸಡಿಲವಿತ್ತು. ಮಿಸ್ತ್ರಿ ಪಾನಾ ಹಾಕಿ ಬಿಗಿದ. ಕಾಕಾ ಮತ್ತೆ ಕೂತು ಕೇಳಿದ. ಬಹಳ ಹೊತ್ತು ಕೇಳಿದ. ಕೊನೆಗೆ, "ನಡಿ, ತಂಬೂರಿ ತರೂಣು" ಎಂದ.

ಆ ದಾರಿಯನ್ನು ಹೇಗೆ ವರ್ಣಿಸಲಿ! ಹಿಂದಿನ ಸೀಟಿನಲ್ಲಿ ಕಾಕಾ, ಮಡಿಲಲ್ಲಿ ಬುರುಡೆ. ಹಿಂದಿನ ತಂಬೂರಿ ಒಡೆದಿದ್ದ ಅದೇ ಸ್ಪೀಡ್ ಬ್ರೇಕರ್ ಬಂದಾಗ ಗೇರು ಇಳಿಸಿದೆ. ಕಾರು ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು, ಎಮ್ಮೆ ಕೆರೆಗಿಳಿದಂತೆ. ತಂತಿ ಸಹ ಗುಂಯ್ಗುಡಲಿಲ್ಲ. ಮಾಧವನಗರದಲ್ಲಿ ಬಾಯಿಯವರು ಗವಸು ಬಿಚ್ಚಿ ಮೀಟಿದರು. ಮಿರಜದಲ್ಲಿ ಕಾಕಾ ಕೂಡಿಸಿದ ಶ್ರುತಿ ಕೂದಲೆಳೆಯಷ್ಟೂ ಕದಲಿರಲಿಲ್ಲ. "ಮೊದಲಿನವು ಆಟೋದಾಗ ತಂದಾಗ ಹಿಂಗ ಇರತಿದ್ದಿಲ್ಲಲ್ರಿ" ಎಂದರು. ಕಾಕಾ ಮೊದಲ ಸಲ ನನ್ನ ಬೆನ್ನ ಮೇಲೆ ಕೈಯಿಟ್ಟ.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ತಿರುಗಿ ಬರುವಾಗ ಬಾಯಿಯವರ ಮೆಚ್ಚುಗೆ, ಮಿಸ್ತ್ರಿಯ ನಗು, ಅಂಗಡಿಯವನ ಶೋಕ, ಹಳೆಯ ಶಾಕಪ್ಪಿನ ಕುಂಯ್ಯ್, ಕೊನೆಗೆ ಕಿಟಕಿಯಾಚೆ ಕಿವಿ ಚಾಚಿದ ಸ್ವತಃ ಕಾಕಾನನ್ನೂ ಮಾಡಿ ತೋರಿಸಿದೆ. ಊರು ಬರುವವರೆಗೂ ತಾಳಿಕೊಂಡ ಕಾಕಾ, ಇಳಿದು ಬಾಗಿಲು ಮೆಲ್ಲಗೆ ಹಾಕಿ, ಕಿಟಕಿಯಲ್ಲಿ ಬಗ್ಗಿ ಹೇಳಿದ:

"ಗಾಡಿ ಬಾಯಿ ಮುಚ್ಚೇತಿ. ಇನ್ನೊಂದ ಜೋಡಿ ತಂದು ನಿನ್ನ ಬಾಯಿಗೂ ಕುಂದ್ರಿಸು. ಆದ್ರ ನೀನ ಹಾಕ್ಕೋಬ್ಯಾಡ, ಶಶೀ ಕಡೆ ಹಾಕಿಸ್ಕೊ."